ಕೊನೇ ಗಳಿಗೆಯ ಪಶ್ಚಾತ್ತಾಪ: ಶಿಲುಬೆಯ ಮೇಲಿನ ಕಳ್ಳ ಏನು ನಂಬಿದ?

ಶುಭ ಶುಕ್ರವಾರದ ಮಧ್ಯಾಹ್ನ ನಮ್ಮ ಅನೇಕ ಕನ್ನಡ ಚರ್ಚುಗಳಲ್ಲಿ ಮೂರು ಗಂಟೆಗಳ ಆರಾಧನೆ ಇರುತ್ತದೆ. ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಓದಿ ಪ್ರಸಂಗ ಮಾಡುತ್ತಾರೆ. ಅದರಲ್ಲಿ ಎರಡನೇ ಮಾತು ಪಕ್ಕದ ಶಿಲುಬೆಯಲ್ಲಿದ್ದ ಒಬ್ಬ ಕಳ್ಳನಿಗೆ ಹೇಳಿದ್ದು: ಇವತ್ತೇ ನೀನು ನನ್ನ ಸಂಗಡ ಪರದೈಸಿನಲ್ಲಿರುವೆ.

ಈ ಮಾತು ಕೇಳಿದವರಲ್ಲಿ ಅರ್ಧ ಜನಕ್ಕೆ ಸಮಾಧಾನವಾಗುತ್ತದೆ. ಉಳಿದರ್ಧ ಜನಕ್ಕೆ, ಒಳಗೊಳಗೇ, ಸಿಟ್ಟು ಬರುತ್ತದೆ. ಜೀವನಪೂರ್ತಿ ಕಂಡವರ ಮನೆ ಹಾಳು ಮಾಡಿದವನು ಸಾಯುವ ಮುಂಚೆ ಒಂದು ಮಾತು ಹೇಳಿದರೆ ಸಾಕಾ? ಹಾಗಾದರೆ ಇಷ್ಟು ವರ್ಷ ಕಷ್ಟಪಟ್ಟು ನ್ಯಾಯವಾಗಿ ಬದುಕಿದವರ ಗತಿ ಏನು? 'ಸಂಕಟ ಬಂದಾಗ ವೆಂಕಟರಮಣ' ಅಂತ ನಮ್ಮಲ್ಲಿ ಗಾದೆಯೇ ಇದೆ. ಅದನ್ನೇ ಕ್ರೈಸ್ತರು ಸಿದ್ಧಾಂತ ಮಾಡಿಕೊಂಡಿದ್ದಾರಾ?

ಈ ಪ್ರಶ್ನೆ ಹೊಸದಲ್ಲ. ಕ್ರೈಸ್ತ ಸಭೆ, ಅಂದರೆ ಚರ್ಚ್, ಹುಟ್ಟಿದ ಮೊದಲ ಶತಮಾನಗಳಿಂದ ಇದರ ಮೇಲೆ ಜಗಳ ನಡೆದಿದೆ. ಉತ್ತರ ಬೇಕಾದರೆ ಮೊದಲು ಆ ಕಳ್ಳನ ಕಥೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ಕಥೆ ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿದೆ. ಬರೀ ಐದು ವಚನ. ಯೇಸುವಿನ ಎಡಕ್ಕೊಬ್ಬ, ಬಲಕ್ಕೊಬ್ಬ ಅಪರಾಧಿಗಳನ್ನು ಶಿಲುಬೆಗೆ ಹಾಕಿದ್ದಾರೆ. ಒಬ್ಬ ಹಂಗಿಸುತ್ತಾನೆ: ನೀನು ಕ್ರಿಸ್ತನಲ್ವಾ? ನಿನ್ನನ್ನು ಉಳಿಸಿಕೋ, ನಮ್ಮನ್ನೂ ಉಳಿಸು. ಇನ್ನೊಬ್ಬ ಅವನನ್ನು ಗದರಿಸುತ್ತಾನೆ. ಅಲ್ಲಿಂದ ಮುಂದಿನ ಅವನ ಮಾತುಗಳನ್ನು ಬಿಡಿಸಿ ನೋಡಿದರೆ ಗೊತ್ತಾಗುತ್ತದೆ, ಅವನ ಬಾಯಲ್ಲಿ ಬಂದದ್ದು ಬರೀ 'ಕಾಪಾಡಪ್ಪಾ' ಅನ್ನುವ ಕೂಗಲ್ಲ. ನಿನಗೆ ದೇವರ ಭಯವಿಲ್ಲವಾ ಅಂತ ಕೇಳುತ್ತಾನೆ. ನಮಗೆ ಬಂದ ಶಿಕ್ಷೆ ನ್ಯಾಯವಾದದ್ದು, ಮಾಡಿದ್ದಕ್ಕೆ ತಕ್ಕದ್ದು ಅನುಭವಿಸುತ್ತಿದ್ದೇವೆ ಅಂತ ಒಪ್ಪಿಕೊಳ್ಳುತ್ತಾನೆ. ಇವನು ಯಾವ ತಪ್ಪೂ ಮಾಡಿಲ್ಲ ಅಂತ ಯೇಸುವಿನ ಪರ ಸಾಕ್ಷಿ ಹೇಳುತ್ತಾನೆ. ಆಮೇಲೆ ತಿರುಗಿ, ಯೇಸುವೇ, ನೀನು ನಿನ್ನ ರಾಜ್ಯದೊಂದಿಗೆ ಬರುವಾಗ ನನ್ನನ್ನು ನೆನಪು ಮಾಡಿಕೋ ಅನ್ನುತ್ತಾನೆ.

ಕೊನೆಯ ಆ ಮಾತು ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ ಯೇಸುವಿನಲ್ಲಿ ರಾಜನ ಲಕ್ಷಣ ಒಂದಾದರೂ ಇತ್ತಾ? ಮೈಯೆಲ್ಲ ರಕ್ತ. ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದಾರೆ. ತಲೆಯ ಮೇಲಿನ ಹಲಗೆಯಲ್ಲಿ 'ಯೆಹೂದ್ಯರ ಅರಸ' ಅಂತ ಗೇಲಿ ಮಾಡಿ ಬರೆದಿದ್ದಾರೆ. ಸತ್ತವರನ್ನು ಎಬ್ಬಿಸಿದ್ದು ನೋಡಿದವರೇ ನಂಬಿಕೆ ಕಳೆದುಕೊಂಡಿದ್ದ ಆ ಗಳಿಗೆಯಲ್ಲಿ, ಸಾಯುತ್ತಿರುವ ಒಬ್ಬನಿಗೆ ರಾಜ್ಯ ಇದೆ ಅಂತ ಇನ್ನೊಬ್ಬ ಸಾಯುತ್ತಿರುವವನು ನಂಬಿದ. ಶಿಲುಬೆಯಿಂದ ಇಳಿಸು ಅಂತ ಅವನು ಕೇಳಲಿಲ್ಲ. ನೆನಪು ಮಾಡಿಕೋ ಅಂತಷ್ಟೇ ಕೇಳಿದ.

ಇನ್ನೊಂದು ವಿಷಯ. ಇಬ್ಬರು ಕಳ್ಳರೂ ಯೇಸುವನ್ನು ಹಂಗಿಸಿದರು ಅಂತ ಮತ್ತಾಯ ಮತ್ತು ಮಾರ್ಕ ಬರೆಯುತ್ತಾರೆ. ಲೂಕ ಒಬ್ಬನನ್ನು ಮಾತ್ರ ಹೇಳುತ್ತಾನೆ. ಎರಡನ್ನೂ ಸೇರಿಸಿ ಓದುವವರು ಹೇಳುವುದೇನೆಂದರೆ, ಶುರುವಿನಲ್ಲಿ ಇವನೂ ಬೈದಿರಬೇಕು. ಆಮೇಲೆ, ತನ್ನನ್ನು ಕೊಲ್ಲುತ್ತಿರುವವರನ್ನು ಕ್ಷಮಿಸು ಅಂತ ಯೇಸು ಪ್ರಾರ್ಥಿಸಿದ್ದು ಕೇಳಿ ಬದಲಾದ. ಅಂದರೆ ಕೆಲವೇ ಗಂಟೆಗಳ ಒಳಗೆ.

ಈಗ ಸಿದ್ಧಾಂತಕ್ಕೆ ಬರೋಣ. ಕ್ರೈಸ್ತ ಬೋಧನೆಯಲ್ಲಿ ರಕ್ಷಣೆ ಅನ್ನುವುದು ಸಂಪಾದಿಸುವ ವಸ್ತುವಲ್ಲ. ಅದು ದೇವರ ಕೃಪೆ, ಸುಮ್ನೆ ಕೊಡುವ ದಾನ. ನಂಬಿಕೆಯ ಮೂಲಕ ಕೃಪೆಯಿಂದಲೇ ರಕ್ಷಣೆ ಹೊಂದಿದ್ದೀರಿ ಅಂತ ಪೌಲ ಎಫೆಸದವರಿಗೆ ಬರೆದ. ಹೀಗಿದ್ದ ಮೇಲೆ, ಕೊನೇ ಗಳಿಗೆಯಲ್ಲಿ ರಕ್ಷಣೆ ಸಿಗುವುದಿಲ್ಲ ಅಂತ ಹೇಳಿದರೆ ಇಡೀ ಬೋಧನೆಯೇ ಕುಸಿಯುತ್ತದೆ. ಐವತ್ತು ವರ್ಷ ಸೇವೆ ಮಾಡಿದವನಿಗೂ ಅದು ದಾನವೇ. ಐದು ನಿಮಿಷ ಉಳಿದವನಿಗೂ ದಾನವೇ. ಕಳ್ಳನಿಗೆ ಅಂತ ಹಿಂಬಾಗಿಲು ತೆರೆದಿಲ್ಲ. ಪೇತ್ರನೂ ಪೌಲನೂ ಹೊಕ್ಕಿದ್ದು ಅದೇ ಬಾಗಿಲು.

ಹಾಗಾದರೆ ನಂಬಿಕೆ ಅಂದರೆ ಏನು? ಇಲ್ಲೇ ಜಾಸ್ತಿ ಗೊಂದಲ ಇರುವುದು. ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯದಲ್ಲಿ ಬೆಚ್ಚಿಬೀಳಿಸುವ ಒಂದು ಮಾತಿದೆ: ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ. ಅಂದರೆ ಸರಿಯಾದ ವಿಷಯ ಗೊತ್ತಿರುವುದು, ಅದು ನಿಜ ಅಂತ ಒಪ್ಪುವುದು, ಎರಡೂ ಇದ್ದರೂ ಸಾಲದು. ಹದಿನಾರನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಣೆಯ ಬೋಧಕರು ನಂಬಿಕೆಯನ್ನು ಮೂರಾಗಿ ಬಿಡಿಸಿದರು. ತಿಳಿಯುವುದು, ಒಪ್ಪುವುದು, ಭರವಸೆ ಇಡುವುದು. ಒಬ್ಬ ಡಾಕ್ಟರ್ ಇದ್ದಾರೆ ಅಂತ ನಿಮಗೆ ಗೊತ್ತು. ಅವರು ಒಳ್ಳೆಯ ಸರ್ಜನ್ ಅಂತ ಒಪ್ಪುತ್ತೀರಿ. ಆದರೆ ಅವರ ಕೈಗೆ ನಿಮ್ಮನ್ನು ಕೊಟ್ಟು ಆಪರೇಷನ್ ಟೇಬಲ್ ಮೇಲೆ ಮಲಗುವುದು ಬೇರೆಯೇ ವಿಷಯ. ಆ ಮೂರನೆಯದಕ್ಕೇ 'ರಕ್ಷಿಸುವ ನಂಬಿಕೆ' ಅನ್ನುವುದು. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿ ಇದನ್ನು ನೇರವಾಗಿ ಹೇಳುತ್ತದೆ: ನಿಜವಾದ ನಂಬಿಕೆ ಬರೀ ಜ್ಞಾನವಲ್ಲ, ನನ್ನ ಪಾಪವೂ ಕ್ಷಮಿಸಲ್ಪಟ್ಟಿದೆ ಅನ್ನುವ ಮನಸ್ಸಿನ ಭರವಸೆ ಕೂಡ.

ಪಶ್ಚಾತ್ತಾಪ ಇದರ ಇನ್ನೊಂದು ಮುಖ. ಕ್ರಿಸ್ತನ ಕಡೆ ತಿರುಗಬೇಕಾದರೆ ಯಾವುದಕ್ಕೋ ಬೆನ್ನು ಮಾಡಲೇಬೇಕು. ಸಿಕ್ಕಿಬಿದ್ದೆನಲ್ಲ ಅಂತ ಬೇಜಾರಾಗುವುದು ಪಶ್ಚಾತ್ತಾಪವಲ್ಲ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೂ ತಾನು ಮಾಡಿದ್ದು ತಪ್ಪು ಅಂತ ಅನ್ನಿಸಿತ್ತು. ಮೂವತ್ತು ಬೆಳ್ಳಿ ನಾಣ್ಯ ವಾಪಸ್ ಎಸೆದ. ಆದರೆ ಯೇಸುವಿನ ಹತ್ತಿರ ಹೋಗಲಿಲ್ಲ. ಇನ್ನೊಬ್ಬ ಶಿಷ್ಯ ಪೇತ್ರ, ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ನಿರಾಕರಿಸಿ ಅತ್ತ, ಆದರೆ ವಾಪಸ್ ಬಂದ.

'ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು' ಅಂತ ಅದೇ ಯಾಕೋಬ ಹೇಳುತ್ತಾನಲ್ಲ, ಕಳ್ಳ ಏನು ಕ್ರಿಯೆ ಮಾಡಿದ ಅಂತ ಕೇಳಬಹುದು. ಕೈಕಾಲಿಗೆ ಮೊಳೆ ಹೊಡೆದಿದ್ದರು. ದಾನ ಮಾಡುವ ಹಾಗಿಲ್ಲ, ಕದ್ದದ್ದು ಹಿಂತಿರುಗಿಸುವ ಹಾಗಿಲ್ಲ, ದೀಕ್ಷಾಸ್ನಾನವೂ (ಬ್ಯಾಪ್ಟಿಸಮ್) ಇಲ್ಲ. ಅಲುಗಾಡುತ್ತಿದ್ದದ್ದು ನಾಲಿಗೆ ಒಂದೇ. ಆ ನಾಲಿಗೆಯಿಂದ ಮಾಡಬಹುದಾದದ್ದನ್ನೆಲ್ಲ ಮಾಡಿದ. ತಪ್ಪು ಒಪ್ಪಿಕೊಂಡ, ಜೊತೆಗಾರನನ್ನು ಎಚ್ಚರಿಸಿದ, ಎಲ್ಲರೂ ಗೇಲಿ ಮಾಡುತ್ತಿದ್ದವನ ಪರ ನಿಂತ. ನಂಬಿಕೆ ಜೀವಂತವಾಗಿದ್ದರೆ ಉಳಿದಿರುವ ಅಷ್ಟೇ ಜಾಗದಲ್ಲಿ ಚಿಗುರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಈ ಕೃಪೆಯನ್ನು ಲೆಕ್ಕಾಚಾರ ಮಾಡಿ ಬಳಸಿಕೊಳ್ಳುವ ಆಸೆ ಮನುಷ್ಯರಿಗೆ ಯಾವಾಗಲೂ ಇತ್ತು. ನಾಲ್ಕನೇ ಶತಮಾನದಲ್ಲಿ ಇದು ಒಂದು ವಾಡಿಕೆಯೇ ಆಗಿಹೋಯಿತು. ದೀಕ್ಷಾಸ್ನಾನ ಅಲ್ಲಿಯವರೆಗಿನ ಪಾಪವನ್ನೆಲ್ಲ ತೊಳೆಯುತ್ತದೆ, ಆಮೇಲೆ ಮಾಡಿದ ಘೋರ ಪಾಪಕ್ಕೆ ಸಾರ್ವಜನಿಕವಾಗಿ ಕಠಿಣ ಪ್ರಾಯಶ್ಚಿತ್ತ ಮಾಡಬೇಕು. ಹಾಗಾಗಿ ಜನ ದೀಕ್ಷಾಸ್ನಾನವನ್ನೇ ಮುಂದೂಡಿದರು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರ ಪರ ನಿಂತು ಇಪ್ಪತ್ತಕ್ಕೂ ಜಾಸ್ತಿ ವರ್ಷ ಆಳಿದ. 325ರಲ್ಲಿ ಬಿಷಪ್ಪರ ನೈಸಿಯಾ ಮಹಾಸಭೆಯನ್ನೂ ಕರೆದ. ದೀಕ್ಷಾಸ್ನಾನ ಪಡೆದದ್ದು ಮಾತ್ರ 337ರಲ್ಲಿ, ಸಾಯುವ ಕಾಯಿಲೆ ಬಂದ ಮೇಲೆ. ಆಮೇಲೆ ಅರಸನ ನೇರಳೆ ಬಟ್ಟೆ ಮುಟ್ಟದೆ ಬಿಳಿ ಬಟ್ಟೆಯಲ್ಲೇ ತೀರಿಕೊಂಡ ಅಂತ ಅವನ ಚರಿತ್ರೆ ಬರೆದ ಯುಸೀಬಿಯಸ್ ಹೇಳುತ್ತಾನೆ.

ಅದೇ ಶತಮಾನದ, ಮುಂದೆ ದೊಡ್ಡ ಬೋಧಕನಾದ ಅಗಸ್ಟೀನ್ ತನ್ನ ಬಾಲ್ಯದ ಒಂದು ಘಟನೆ ಬರೆದಿದ್ದಾನೆ. ಹುಡುಗನಾಗಿದ್ದಾಗ ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು ಬಂದು ಸಾಯುವ ಸ್ಥಿತಿ ಆಯಿತು. ದೀಕ್ಷಾಸ್ನಾನ ಬೇಕು ಅಂತ ಅವನೇ ಕೇಳಿದ. ತಾಯಿ ಮೋನಿಕಾ ಏರ್ಪಾಡು ಮಾಡತೊಡಗಿದಳು. ಅಷ್ಟರಲ್ಲಿ ಗುಣವಾಯಿತು. ಏರ್ಪಾಡು ನಿಂತಿತು. ಮುಂದೆ ಹೇಗೂ ಪಾಪ ಮಾಡುತ್ತಾನೆ, ಈಗ ಯಾಕೆ? 'ಬಿಡು, ಏನಾದರೂ ಮಾಡಿಕೊಳ್ಳಲಿ, ಇನ್ನೂ ದೀಕ್ಷಾಸ್ನಾನ ಆಗಿಲ್ಲವಲ್ಲ' ಅಂತ ಜನ ಸಾಮಾನ್ಯವಾಗಿ ಆಡಿಕೊಳ್ಳುತ್ತಿದ್ದರಂತೆ. ದೇಹದ ವಿಷಯದಲ್ಲಿ ಮಾತ್ರ, ಇನ್ನೂ ಗುಣವಾಗಿಲ್ಲ, ಇನ್ನಷ್ಟು ಗಾಯವಾಗಲಿ ಅಂತ ಯಾರೂ ಹೇಳುವುದಿಲ್ಲವಲ್ಲ ಅಂತ ಅವನ ನೋವು. ಅವನು ದೀಕ್ಷಾಸ್ನಾನ ಪಡೆದದ್ದು 387ರಲ್ಲಿ, ಮಿಲಾನಿನಲ್ಲಿ, ಮೂವತ್ತು ದಾಟಿದ ಮೇಲೆ.

ಸಭೆಗೆ ಇದೆಲ್ಲ ಇಷ್ಟವಿರಲಿಲ್ಲ. ಸುಮಾರು 315ರಲ್ಲಿ ನಿಯೋಸಿಸೇರಿಯಾದಲ್ಲಿ ಸೇರಿದ ಬಿಷಪ್ಪರ ಸಭೆ, ಕಾಯಿಲೆ ಹಾಸಿಗೆಯಲ್ಲಿ ದೀಕ್ಷಾಸ್ನಾನ ಪಡೆದವನನ್ನು ಯಾಜಕನಾಗಿ ಮಾಡಬಾರದು ಅಂದಿತು. ಅವನ ನಂಬಿಕೆ ಇಷ್ಟದಿಂದ ಬಂದದ್ದಲ್ಲ, ಅನಿವಾರ್ಯದಿಂದ ಬಂದದ್ದು ಅನ್ನುವುದು ಕಾರಣ. ಆದರೆ ಆ ದೀಕ್ಷಾಸ್ನಾನ ನಡೆಯುವುದಿಲ್ಲ ಅಂತ ಹೇಳಲಿಲ್ಲ. ನೈಸಿಯಾ ಸಭೆಯೂ ಹೀಗೇ ಎರಡು ಕಣ್ಣಿಟ್ಟು ನೋಡಿತು. ಸಾಯುವವನು ಕೇಳಿದರೆ ಪರಮಪ್ರಸಾದ (ಆರಾಧನೆಯಲ್ಲಿ ಕೊಡುವ ರೊಟ್ಟಿ ಮತ್ತು ದ್ರಾಕ್ಷಾರಸ) ತಪ್ಪಿಸಬೇಡಿ ಅಂದಿತು. ಅವನು ಬದುಕಿ ಉಳಿದರೆ? ಮತ್ತೆ ಪ್ರಾಯಶ್ಚಿತ್ತದ ಸಾಲಿಗೆ ಹೋಗಿ ನಿಲ್ಲಬೇಕು. ಗಾಲ್ ಪ್ರಾಂತ್ಯದ (ಇಂದಿನ ಫ್ರಾನ್ಸ್ ಕಡೆಯ) ಕೆಲವು ಬಿಷಪ್ಪರು ಇನ್ನೂ ಬಿಗಿಯಾಗಿ, ಸಾಯುವವರಿಗೆ ಪಾಪಕ್ಷಮೆಯನ್ನೇ ನಿರಾಕರಿಸಿದಾಗ 428ರಲ್ಲಿ ಪೋಪ್ ಸೆಲೆಸ್ಟೀನ್ ಸಿಟ್ಟಿನಿಂದ ಪತ್ರ ಬರೆದರು. ಸಾಯುತ್ತಿರುವವನಿಗೆ ಇನ್ನೊಂದು ಸಾವು ಹೇರುತ್ತಿದ್ದೀರಿ ಅಂತ.

ಈ ಎರಡು ಧ್ವನಿ ಇವತ್ತಿಗೂ ಉಳಿದಿವೆ. ಕಥೋಲಿಕ ಸಭೆಯಲ್ಲಿ ಇದಕ್ಕೆ ಖಚಿತ ವ್ಯವಸ್ಥೆ ಇದೆ. 1551ರಲ್ಲಿ ಟ್ರೆಂಟ್ ಮಹಾಸಭೆ ಎರಡು ಬಗೆಯ ಪಶ್ಚಾತ್ತಾಪ ಗುರುತಿಸಿತು. ದೇವರ ಮೇಲಿನ ಪ್ರೀತಿಯಿಂದ ಪಾಪಕ್ಕೆ ದುಃಖಪಡುವುದು ಒಂದು. ನರಕದ ಭಯದಿಂದ, ಪಾಪದ ಅಸಹ್ಯದಿಂದ ದುಃಖಪಡುವುದು ಇನ್ನೊಂದು. ಮೊದಲನೆಯದು ಇದ್ದರೆ, ಪಾಪನಿವೇದನೆ (ಯಾಜಕನ ಮುಂದೆ ಪಾಪ ಒಪ್ಪಿಕೊಳ್ಳುವುದು) ಮಾಡುವ ಮನಸ್ಸಿದ್ದು ಅವಕಾಶ ಸಿಗದಿದ್ದರೂ, ಆ ಕ್ಷಣವೇ ದೇವರೊಂದಿಗೆ ಸಮಾಧಾನ. ಎರಡನೆಯದಕ್ಕೆ ಪಾಪನಿವೇದನೆ ಸಂಸ್ಕಾರ ಬೇಕು. ಹಾಗಾಗಿಯೇ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂದರೂ ಫಾದರ್ ರೋಗಿಗೆ ಹಚ್ಚುವ ಪವಿತ್ರ ಎಣ್ಣೆ ಹಿಡಿದು ಓಡುತ್ತಾರೆ. ಸಾವಿನ ಅಪಾಯ ಇದ್ದಾಗ, ಯಾಜಕ ಕೆಲಸದಿಂದ ತೆಗೆದುಹಾಕಲ್ಪಟ್ಟ ಫಾದರ್ ಕೂಡ ಪಾಪಕ್ಷಮೆ ಕೊಡಬಹುದು. ಕ್ಷಮೆ ಸಿಕ್ಕರೂ ಪಾಪ ಬಿಟ್ಟುಹೋದ ಕಲೆ ತೊಳೆಯುವುದು ಬಾಕಿ ಇರುತ್ತದೆ, ಅದಕ್ಕೆ ಶುದ್ಧೀಕರಣಸ್ಥಳ ಅನ್ನುತ್ತಾರೆ ಕಥೋಲಿಕರು.

ಪ್ರೊಟೆಸ್ಟೆಂಟರು ಶುದ್ಧೀಕರಣಸ್ಥಳ ಒಪ್ಪುವುದಿಲ್ಲ. ಕಳ್ಳನಿಗೆ 'ಇವತ್ತೇ' ಅಂದರಲ್ಲ ಅನ್ನುತ್ತಾರೆ. ಆದರೆ ಅವರೊಳಗೂ ಜಗಳ ಇದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಪಾಸ್ಟರ್ ಜಾನ್ ಮೆಕಾರ್ಥರ್ ಒಂದು ಕಡೆ, ಬೈಬಲ್ ವಿದ್ವಾಂಸ ಝೇನ್ ಹಾಜಸ್ ಇನ್ನೊಂದು ಕಡೆ ನಿಂತು ವಾದ ಮಾಡಿದರು. ಯೇಸುವನ್ನು ಒಡೆಯ ಅಂತ ಒಪ್ಪಿ ಶರಣಾಗದವನ ನಂಬಿಕೆ ನಂಬಿಕೆಯೇ ಅಲ್ಲ ಅಂತ ಮೆಕಾರ್ಥರ್. ಅದನ್ನೂ ಸೇರಿಸಿದರೆ ದಾನಕ್ಕೆ ಷರತ್ತು ಹಾಕಿದ ಹಾಗಾಯಿತು ಅಂತ ಹಾಜಸ್. ಕಳ್ಳನ ಮಾತಿನಲ್ಲಿ 'ನಿನ್ನ ರಾಜ್ಯ' ಅನ್ನುವುದು ಇರುವುದರಿಂದ ನನಗೆ ಮೊದಲನೆಯ ವಾದವೇ ಸರಿ ಅನ್ನಿಸುತ್ತದೆ. ರಾಜ್ಯ ಇದೆ ಅಂದಮೇಲೆ ರಾಜ ಇದ್ದಾನೆ. ಆರ್ಥೊಡಾಕ್ಸ್ ಸಭೆಯವರು ಇದನ್ನು ವಾದಕ್ಕೆ ಬಿಟ್ಟಿಲ್ಲ. ಪವಿತ್ರ ಭೋಜನಕ್ಕೆ (ಪರಮಪ್ರಸಾದದ ಇನ್ನೊಂದು ಹೆಸರು) ಮುಂಚೆ ಪ್ರತಿ ಸಲ, ಆ ಕಳ್ಳನ ಹಾಗೆ ನಾನೂ ಒಪ್ಪಿಕೊಳ್ಳುತ್ತೇನೆ, ನನ್ನನ್ನು ನೆನಪು ಮಾಡಿಕೋ ಅಂತ ಪ್ರಾರ್ಥಿಸುತ್ತಾರೆ. ಎಂಬತ್ತು ವರ್ಷದ ಅಜ್ಜಿಯೂ, ಬಿಷಪ್ಪನೂ.

ಸಿದ್ಧಾಂತ ಇಷ್ಟು. ಇದನ್ನು ನಿಜವಾಗಿ ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು ತೀರ್ಮಾನ ಮಾಡಬೇಕಾಗಿ ಬಂದರೆ ಹೇಗಿರುತ್ತದೆ? ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ನಾತ್ಸಿ ನಾಯಕರನ್ನು ವಿಚಾರಣೆಗೆ ಇಟ್ಟಿದ್ದ ಜರ್ಮನಿಯ ನ್ಯೂರೆಂಬರ್ಗ್ ಜೈಲಿನಲ್ಲಿ ಅದು ನಡೆಯಿತು.

ಹೆನ್ರಿ ಗೆರೆಕ್ ಅಮೆರಿಕದ ಮಿಸೌರಿಯವರು. ಲುಥೆರನ್ ಪಾಸ್ಟರ್, ಸೈನ್ಯದಲ್ಲಿ ಚಾಪ್ಲಿನ್, ಅಂದರೆ ಸೈನಿಕರ ಪಾಸ್ಟರ್. ವಯಸ್ಸು ಐವತ್ತು ದಾಟಿತ್ತು. ಮಕ್ಕಳಿಬ್ಬರು ಅದೇ ಯುದ್ಧದಲ್ಲಿ ಗಾಯಗೊಂಡಿದ್ದರು. ನಾತ್ಸಿಗಳ ದಹಾವ್ ಯಾತನಾ ಶಿಬಿರವನ್ನು ಅವರು ಕಣ್ಣಾರೆ ನೋಡಿದ್ದರು. ಜರ್ಮನ್ ಭಾಷೆ ಗೊತ್ತು, ಮುಂಚೆ ಜೈಲುಗಳಲ್ಲಿ ಸೇವೆ ಮಾಡಿದವರು ಅಂತ ನಾತ್ಸಿ ನಾಯಕರಿಗೆ ಪಾಸ್ಟರ್ ಆಗಿ ಹೋಗಲು ಅವರನ್ನು ಕೇಳಿದರು. ಒಪ್ಪಿಕೊಂಡರು. ಜೈಲಿನ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಚಿಕ್ಕ ಚಾಪೆಲ್ ಮಾಡಿದ್ದರು. ಅಲ್ಲಿ ಆರಾಧನೆ.

ಲುಥೆರನ್ ಪಾಸ್ಟರುಗಳು ಪವಿತ್ರ ಭೋಜನವನ್ನು ಕೇಳಿದವರಿಗೆಲ್ಲ ಹಂಚುವುದಿಲ್ಲ. ಅಯೋಗ್ಯವಾಗಿ ತಿನ್ನುವವನು ತನಗೇ ತೀರ್ಪು ತಂದುಕೊಳ್ಳುತ್ತಾನೆ ಅಂತ ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ಹಾಗಾಗಿ ಗೆರೆಕ್ ಒಬ್ಬೊಬ್ಬರ ಜೊತೆ ಕೂತು ಬೈಬಲ್ ಓದಿದರು, ಪ್ರಶ್ನೆ ಕೇಳಿದರು, ಕಾದರು. ಜರ್ಮನಿಗೆ ಲಕ್ಷಾಂತರ ಜನರನ್ನು ಗುಲಾಮರ ಹಾಗೆ ಎಳೆದು ತಂದ ಫ್ರಿಟ್ಜ್ ಸಾಕೆಲ್, ಸೈನ್ಯದ ಮುಖ್ಯಸ್ಥ ಕೈಟೆಲ್, ವಿದೇಶಾಂಗ ಮಂತ್ರಿ ರಿಬೆನ್‌ಟ್ರಾಪ್, ಇವರ ಪಶ್ಚಾತ್ತಾಪ ನಿಜ ಅಂತ ಅವರಿಗೆ ಮನವರಿಕೆಯಾಯಿತು. ಅವರಿಗೆ ಪವಿತ್ರ ಭೋಜನ ಕೊಟ್ಟರು. ನಾತ್ಸಿ ಸಿದ್ಧಾಂತ ಬರೆದ ರೋಸೆನ್‌ಬರ್ಗ್‌ಗೆ ಇದ್ಯಾವುದೂ ಬೇಡವಾಗಿತ್ತು. ನೇಣಿನ ಹತ್ತಿರವೂ ಪ್ರಾರ್ಥನೆ ಬೇಡ ಅಂದ.

ಹಿಟ್ಲರನ ವಾಯುಪಡೆಯ ಮುಖ್ಯಸ್ಥನಾಗಿದ್ದ ಗೋರಿಂಗ್ ಬೇರೆ ಥರ. ಚಾಪೆಲ್‌ಗೆ ತಪ್ಪದೆ ಬರುತ್ತಿದ್ದ, ಜೋರಾಗಿ ಹಾಡುತ್ತಿದ್ದ. ಅಕ್ಟೋಬರ್ 15ರ ಸಂಜೆ, ಕೊನೆಯ ರಾತ್ರಿ, ಗೆರೆಕ್ ಅವನ ಕೋಣೆಗೆ ಹೋದರು. ನಿನ್ನ ಪುಟ್ಟ ಮಗಳು ನಿನ್ನನ್ನು ಸ್ವರ್ಗದಲ್ಲಿ ನೋಡಬೇಕು ಅಂತ ಆಸೆಪಟ್ಟಿದ್ದಾಳೆ ಅಂತ ನೆನಪಿಸಿದರು. ಅವಳ ನಂಬಿಕೆ ಅವಳಿಗೆ, ನನ್ನದು ನನಗೆ ಅಂದ ಗೋರಿಂಗ್. ಯೇಸುವಿನ ರಕ್ತ ಪಾಪ ತೊಳೆಯುತ್ತದೆ ಅನ್ನುವುದನ್ನು ಒಪ್ಪಲಿಲ್ಲ. ಅವನ ಪಾಲಿಗೆ ಯೇಸು ಒಬ್ಬ ಜಾಣ ಯೆಹೂದಿ, ಅಷ್ಟೇ. ಆದರೂ ಪವಿತ್ರ ಭೋಜನ ಕೊಡಿ ಅಂತ ಕೇಳಿದ. ಒಂದು ವೇಳೆ ನೀವು ಹೇಳುವುದು ನಿಜವಾಗಿದ್ದರೆ ಇರಲಿ ಅಂತ.

ಗೆರೆಕ್ ಇಲ್ಲ ಅಂದರು. ಎರಡು ಗಂಟೆ ಕಳೆದಿತ್ತೋ ಇಲ್ಲವೋ, ಗೋರಿಂಗ್ ಸೈನೈಡ್ ನುಂಗಿದ. ಮಧ್ಯರಾತ್ರಿ ದಾಟಿದ ಮೇಲೆ ಉಳಿದ ಹತ್ತು ಜನರನ್ನು ನೇಣಿಗೆ ಹಾಕಿದರು. ಮೊದಲು ಹೋದವನು ರಿಬೆನ್‌ಟ್ರಾಪ್.

ಗೋರಿಂಗ್‌ಗೆ ಯಾಕೆ ಕೊಡಲಿಲ್ಲ ಅಂತ ಆಮೇಲೆ ಗೆರೆಕ್ ಅವರನ್ನು ತುಂಬ ಜನ ಟೀಕಿಸಿದರು. ಆ ಮನುಷ್ಯನ ಹೃದಯ ಮುಟ್ಟುವುದರಲ್ಲಿ ನಾನು ತಪ್ಪಿದ್ದರೆ ಕ್ರೈಸ್ತಲೋಕ ಕ್ಷಮಿಸಲಿ ಅಂತ ಅವರೇ ಬರೆದರು. ನನ್ನ ಮಟ್ಟಿಗೆ ಅವರು ಮಾಡಿದ್ದು ಸರಿ. ಗೋರಿಂಗ್ ಕೇಳಿದ್ದು ರೊಟ್ಟಿ ಮತ್ತು ದ್ರಾಕ್ಷಾರಸ. ಅದನ್ನು ಕೊಟ್ಟವನು ಅವನಿಗೆ ಬೇಕಿರಲಿಲ್ಲ. ಶಿಲುಬೆಯ ಮೇಲಿನ ಕಳ್ಳನಿಗೆ ರೊಟ್ಟಿಯೂ ಸಿಗಲಿಲ್ಲ, ನೀರೂ ಬೀಳಲಿಲ್ಲ, ಆದರೆ ಅವನಿಗೆ ಬೇಕಾಗಿದ್ದದ್ದು ಪಕ್ಕದಲ್ಲಿದ್ದ ಆ ವ್ಯಕ್ತಿ. ಇಬ್ಬರಿಗೂ ಸಮಯ ಅಷ್ಟೇ ಕಡಿಮೆ ಇತ್ತು.

ಇನ್ನು ನ್ಯಾಯದ ಪ್ರಶ್ನೆ. ಕೈಟೆಲ್‌ಗೆ ಕ್ಷಮೆ ಸಿಕ್ಕಿತು ಅಂದರೆ ಅವನ ಆದೇಶದಿಂದ ಸತ್ತವರ ಕುಟುಂಬದವರು ಏನನ್ನಬೇಕು? ಇದನ್ನು ಯಾರೂ ಹಗುರವಾಗಿ ತಳ್ಳಿಹಾಕಬಾರದು. ಒಂದು ಮಾತ್ರ ಹೇಳಬಹುದು: ಕ್ರೈಸ್ತ ಬೋಧನೆಯಲ್ಲಿ ದೇವರ ಕ್ಷಮೆ ಭೂಮಿಯ ಮೇಲಿನ ಲೆಕ್ಕವನ್ನು ಅಳಿಸುವುದಿಲ್ಲ. ಪವಿತ್ರ ಭೋಜನ ತೆಗೆದುಕೊಂಡ ಕೈಟೆಲ್ ನೇಣಿಗೆ ಹೋದ. ಪರದೈಸಿನ ಮಾತು ಪಡೆದ ಕಳ್ಳನನ್ನೂ ಯಾರೂ ಶಿಲುಬೆಯಿಂದ ಇಳಿಸಲಿಲ್ಲ. ಸಂಜೆ ಸೈನಿಕರು ಬಂದು ಅವನ ಕಾಲು ಮುರಿದರು ಅಂತ ಯೋಹಾನ ಬರೆಯುತ್ತಾನೆ. ಬದುಕಿ ಉಳಿಯುವವನು ಮಾಡಬೇಕಾದದ್ದಕ್ಕೆ ಯೇಸುವನ್ನು ಕಂಡು ಬದಲಾದ ಸುಂಕದವನು ಜಕ್ಕಾಯನ ಉದಾಹರಣೆ ಇದೆ. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್.

ನ್ಯಾಯವಾಗಿ ಬದುಕಿದವರ ಸಿಟ್ಟಿಗೆ ಯೇಸುವೇ ಒಂದು ಕಥೆ ಹೇಳಿದ್ದಾನೆ, ಮತ್ತಾಯ 20ರಲ್ಲಿ. ದ್ರಾಕ್ಷಿತೋಟದ ಯಜಮಾನ ಬೆಳಗ್ಗೆಯಿಂದ ದುಡಿದವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ಕೂಲಿ ಕೊಡುತ್ತಾನೆ. ಬೆಳಗ್ಗೆಯವರು ಗೊಣಗುತ್ತಾರೆ. ಈ ಕಥೆ ಹಿಡಿದುಕೊಂಡು, 'ಹಾಗಾದರೆ ನಾನೂ ಐದು ಗಂಟೆಗೇ ಬರುತ್ತೇನೆ' ಅನ್ನುವವರು ಒಂದು ಸಾಲು ಬಿಟ್ಟು ಓದಿರುತ್ತಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಅಂತ ಯಜಮಾನ ಕೇಳಿದಾಗ ಅವರು ಕೊಟ್ಟ ಉತ್ತರ: ನಮ್ಮನ್ನು ಯಾರೂ ಕರೆಯಲಿಲ್ಲ. ಬೆಳಗ್ಗೆ ಕರೆದಾಗ ಬರದೆ, ಸಂಜೆಗೆ ಲೆಕ್ಕ ಹಾಕಿ ಬಂದವನೊಬ್ಬನೂ ಆ ಕಥೆಯಲ್ಲಿಲ್ಲ. ಆಮೇಲೆ ನೋಡೋಣ ಅನ್ನುವವನಿಗೆ ಎರಡು ಅಪಾಯ. ಆ 'ಆಮೇಲೆ' ಬರದೇ ಇರಬಹುದು. ಬಂದರೂ ಅಷ್ಟು ಹೊತ್ತಿಗೆ ತಿರುಗುವ ಮನಸ್ಸು ಇರದಿರಬಹುದು. ಈಹೊತ್ತು ಆತನ ಶಬ್ದ ಕೇಳಿದರೆ ಹೃದಯ ಕಠಿಣ ಮಾಡಿಕೊಳ್ಳಬೇಡಿ ಅಂತ ಇಬ್ರಿಯರ ಪತ್ರಿಕೆ ಹೇಳುವುದು ಇದಕ್ಕೇ. ಪಾಪ ಬೇಕು, ಆಮೇಲೆ ಪಶ್ಚಾತ್ತಾಪವೂ ಬೇಕು ಅಂತ ಇವತ್ತೇ ತೀರ್ಮಾನಿಸಿದವನು ಪಾಪವನ್ನು ಬಿಟ್ಟಿಲ್ಲ, ಅದನ್ನು ಇಟ್ಟುಕೊಳ್ಳುವ ದಾರಿ ಹುಡುಕಿದ್ದಾನೆ.

ಆದರೆ ಈ ಎಚ್ಚರಿಕೆ ಹೇಳಬೇಕಾದ್ದು ಗಟ್ಟಿಮುಟ್ಟಾಗಿರುವವರಿಗೆ. ಐಸಿಯು ಬಾಗಿಲಲ್ಲಿ ನಿಂತ ಮನೆಯವರಿಗಲ್ಲ. ಅಪ್ಪ ಒಂದು ಮಾತೂ ಆಡದೆ ಹೋಗಿಬಿಟ್ಟರಲ್ಲ, ನಂಬಿದ್ದರೋ ಇಲ್ಲವೋ ಅಂತ ಒದ್ದಾಡುವವರು ಎಷ್ಟೋ ಜನ ಇದ್ದಾರೆ. ಅವರಿಗೆ ಸಭೆ ಏನು ಹೇಳುತ್ತದೆ? ಪ್ರಜ್ಞೆ ತಪ್ಪಿದವರಿಗೂ, ಎಚ್ಚರವಿದ್ದಿದ್ದರೆ ಕೇಳುತ್ತಿದ್ದರು ಅನ್ನುವಂತಿದ್ದರೆ, ಕಥೋಲಿಕ ಯಾಜಕರು ಎಣ್ಣೆ ಹಚ್ಚುವ ಅಭ್ಯಂಗ ಸಂಸ್ಕಾರ ಕೊಡುತ್ತಾರೆ. ಪ್ರೊಟೆಸ್ಟೆಂಟ್ ಪಾಸ್ಟರುಗಳು ಹಾಸಿಗೆ ಪಕ್ಕದಲ್ಲಿ ನಿಂತು, ಉತ್ತರ ಬರದಿದ್ದರೂ, ಕೀರ್ತನೆ ಓದುತ್ತಾರೆ, ಕೇಳಿಸುತ್ತಿರಬಹುದು ಅಂತ. ಇಂಥಿಂಥವರು ಸಂತರು ಅಂತ ಕಥೋಲಿಕ ಸಭೆ ಎಷ್ಟೋ ಜನರನ್ನು ಘೋಷಿಸಿದೆ. ಇಂಥವನು ನರಕದಲ್ಲಿದ್ದಾನೆ ಅಂತ ಒಬ್ಬನ ಬಗ್ಗೆಯೂ ಇಲ್ಲಿಯವರೆಗೆ ಘೋಷಿಸಿಲ್ಲ, ಯೂದನ ಬಗ್ಗೆ ಕೂಡ. ತಾವೇ ಪ್ರಾಣ ಕಳೆದುಕೊಂಡವರ ರಕ್ಷಣೆಯ ಬಗ್ಗೆಯೂ ಆಸೆ ಬಿಡಬಾರದು, ದೇವರಿಗೆ ಮಾತ್ರ ಗೊತ್ತಿರುವ ದಾರಿಯಲ್ಲಿ ಅವರಿಗೂ ಪಶ್ಚಾತ್ತಾಪದ ಅವಕಾಶ ಸಿಗಬಹುದು ಅಂತ 1992ರ ಕಥೋಲಿಕ ಧರ್ಮೋಪದೇಶ ಹೇಳುತ್ತದೆ. ಅವರಿಗಾಗಿ ಸಭೆ ಪ್ರಾರ್ಥಿಸುತ್ತದೆ.